ಡೇವಿಡ್ ಡಗ್ಲಸ್: ಸೂಜಿಯೆಲೆಗಳನ್ನು ಓದಿದವನು

ಆರೆಗನ್ ರಾಜ್ಯದ ವಾಹನಗಳ ನಂಬರ್ ಪ್ಲೇಟಿನ ನಡುವೆ ಒಂದು ಹಸಿರು ಮರದ ಚಿತ್ರವಿದೆ. ಅದು ಡಗ್ಲಸ್ ಫರ್, ಆ ರಾಜ್ಯದ ಅಧಿಕೃತ ವೃಕ್ಷ. ಡಿಸೆಂಬರ್ ಬಂತೆಂದರೆ ಇದೇ ಮರದ ಎಳೆಯ ಗಿಡಗಳು ಕ್ರಿಸ್‌ಮಸ್ ಮರಗಳಾಗಿ ಅಂಗಡಿಗಳ ಮುಂದೆ ಒರಗಿ ನಿಲ್ಲುತ್ತವೆ. ಅಮೆರಿಕದ ಪಶ್ಚಿಮ ತೀರದಲ್ಲಿ ಮನೆ ಕಟ್ಟುವವರು ಗೋಡೆಯೊಳಗಿನ ಚೌಕಟ್ಟಿಗೆ ಬಳಸುವ ಮರವೂ ಬಹುಪಾಲು ಇದೇ. ಇಷ್ಟು ಪರಿಚಿತವಾದ ಮರದ ಹೆಸರಿನಲ್ಲಿಯೇ ಒಂದು ತೊಡಕಿದೆ. ಫರ್ ಎಂದು ಕರೆದರೂ ಇದು ನಿಜವಾದ ಫರ್ ಅಲ್ಲ. ಡಗ್ಲಸನ ಹೆಸರು ಹೊತ್ತಿದ್ದರೂ ಇದನ್ನು ಮೊದಲು ಸಂಗ್ರಹಿಸಿದ ಯುರೋಪಿನ ಸಸ್ಯವಿಜ್ಞಾನಿ ಡಗ್ಲಸ್ ಅಲ್ಲ. ಆದರೂ ಈ ಮರಕ್ಕೆ ಅವನ ಹೆಸರು ಸಲ್ಲತಕ್ಕದ್ದೆಂದೇ ನನ್ನ ಅಭಿಪ್ರಾಯ. ಏಕೆಂದು ತಿಳಿಯಲು ಆ ಮನುಷ್ಯನ ಮೂವತ್ತೈದು ವರ್ಷಗಳ ಆಯುಷ್ಯವನ್ನೂ, ಒಂದು ಎಲೆಯನ್ನು ಹಿಡಿದು ಮರವನ್ನು ಗುರುತಿಸುವ ಕಲೆಯನ್ನೂ ಜೊತೆಜೊತೆಗೆ ನೋಡಬೇಕಾಗುತ್ತದೆ.

ಕನ್ನಡನಾಡಿನಲ್ಲಿ ಬೆಳೆದ ನಮಗೆ ಎಲೆಯೆಂದರೆ ಅಗಲವಾದದ್ದು. ಮಾವು, ಹಲಸು, ಅರಳಿ, ಹೊಂಗೆಗಳನ್ನು ಬಾಲ್ಯದಲ್ಲಿ ಯಾರೂ ಪಾಠಮಾಡಿ ಕಲಿಸಲಿಲ್ಲ. ಎಲೆ ಕಂಡರೆ ಮರ ತಿಳಿಯುತ್ತಿತ್ತು. ಆ ಕಣ್ಣನ್ನು ಹೊತ್ತು ಇಲ್ಲಿಗೆ ಬಂದವರಿಗೆ ಸೂಜಿಯೆಲೆಗಳ ಈ ಕಾಡು ಒಂದೇ ಮರ ಸಾವಿರ ಸಲ ನಿಂತಂತೆ ತೋರುವುದು ಸಹಜ. ಹಾಗೆ ತೋರಿದ್ದನ್ನು ಬೇರೆಬೇರೆಯಾಗಿ ಬಿಡಿಸಿ, ಹೆಸರು ಕೊಟ್ಟು, ಬೀಜ ಕಳಿಸಿದವರಲ್ಲಿ ಡಗ್ಲಸ್ ಮುಂಚೂಣಿಯವನು.

ಡೇವಿಡ್ ಡಗ್ಲಸ್ ಹುಟ್ಟಿದ್ದು 1799ರ ಜೂನ್ 25ರಂದು, ಸ್ಕಾಟ್ಲೆಂಡಿನ ಪರ್ತ್ ಪಟ್ಟಣದ ಸಮೀಪದ ಸ್ಕೋನ್ ಎಂಬ ಹಳ್ಳಿಯಲ್ಲಿ. ತಂದೆ ಕಲ್ಲುಕುಟಿಗ. ಶಾಲೆಯಲ್ಲಿ ಹುಡುಗ ನಿಲ್ಲಲಿಲ್ಲ. ತರಗತಿ ತಪ್ಪಿಸಿ ಹೊಳೆದಂಡೆಯಲ್ಲಿ ಅಲೆಯುವುದೇ ಅವನಿಗೆ ಹೆಚ್ಚು. ಹತ್ತು ಹನ್ನೊಂದರ ವಯಸ್ಸಿಗೆ ಅವನನ್ನು ಸ್ಕೋನ್ ಅರಮನೆಯ ತೋಟದಲ್ಲಿ ಕೆಲಸ ಕಲಿಯಲು ಸೇರಿಸಿದರು. ಏಳು ವರ್ಷ ಅಗೆತ, ಬಿತ್ತನೆ, ಸವರುವಿಕೆ. ಅಲ್ಲಿಂದ ಮುಂದೆ ಫೈಫ್ ಪ್ರಾಂತ್ಯದ ವ್ಯಾಲಿಫೀಲ್ಡ್ ಎಂಬ ಎಸ್ಟೇಟಿಗೆ ಹೋದಾಗ ಒಡೆಯನ ಪುಸ್ತಕಭಂಡಾರ ಅವನಿಗೆ ತೆರೆಯಿತು. ಕೈಯಿಂದ ಕಲಿತದ್ದಕ್ಕೆ ಓದು ಸೇರಿದ್ದು ಆಗ. 1820ರಲ್ಲಿ ಗ್ಲಾಸ್ಗೋ ಸಸ್ಯೋದ್ಯಾನ ಸೇರಿದ. ವಿಶ್ವವಿದ್ಯಾಲಯದ ಹೊಸ ಪ್ರಾಧ್ಯಾಪಕ ವಿಲಿಯಂ ಜಾಕ್ಸನ್ ಹೂಕರ್ ಅವನನ್ನು ಗುರುತಿಸಿ ಗುಡ್ಡಗಾಡಿನ ಸಸ್ಯಸಂಗ್ರಹ ಪ್ರವಾಸಗಳಿಗೆ ಕರೆದೊಯ್ದ. ಹೂಕರನ ಶಿಫಾರಸಿನಿಂದಲೇ 1823ರಲ್ಲಿ ಲಂಡನ್ನಿನ ತೋಟಗಾರಿಕೆ ಸೊಸೈಟಿ ಅವನನ್ನು ಕೆಲಸಕ್ಕೆ ತೆಗೆದುಕೊಂಡು ಅಮೆರಿಕದ ಪೂರ್ವಭಾಗಕ್ಕೆ ಹಣ್ಣಿನ ಗಿಡಗಳನ್ನು ತರಲು ಕಳಿಸಿತು. ಆ ಪ್ರವಾಸ ಚಿಕ್ಕದು, ಸಫಲವಾದದ್ದು. ಇಲ್ಲಿ ಅದರ ವಿವರ ಬೇಡ.

ದೊಡ್ಡ ಪ್ರಯಾಣ ತೊಡಗಿದ್ದು 1824ರ ಜುಲೈನಲ್ಲಿ. ತುಪ್ಪುಳಿನ ತೊಗಲಿನ ವ್ಯಾಪಾರ ನಡೆಸುತ್ತಿದ್ದ ಹಡ್ಸನ್ಸ್ ಬೇ ಕಂಪನಿಯ ಹಡಗೊಂದರಲ್ಲಿ, ಜಾನ್ ಸ್ಕೌಲರ್ ಎಂಬ ವೈದ್ಯನ ಜೊತೆಗೆ, ಅವನು ಇಂಗ್ಲೆಂಡಿನಿಂದ ಹೊರಟ. ಪನಾಮಾ ಕಾಲುವೆ ಇಲ್ಲದ ಕಾಲ. ದಕ್ಷಿಣ ಅಮೆರಿಕದ ತುದಿಯ ಕೇಪ್ ಹಾರ್ನ್ ಸುತ್ತಿ, ಗಲಾಪಗೋಸ್ ದ್ವೀಪಗಳನ್ನು ಮುಟ್ಟಿ, ಎಂಟು ತಿಂಗಳಿಗೂ ಮೀರಿದ ಸಮುದ್ರಯಾನದ ಬಳಿಕ 1825ರ ಏಪ್ರಿಲ್‌ನಲ್ಲಿ ಹಡಗು ಕೊಲಂಬಿಯಾ ನದಿಯ ಮುಖವನ್ನು ಸೇರಿತು. ದಡಕ್ಕಿಳಿದ ಡಗ್ಲಸ್ ಮೊಟ್ಟಮೊದಲು ಕೈಗೆತ್ತಿಕೊಂಡ ಗಿಡ ಸಲಾಲ್. ಈ ತೀರದ ಕಾಡಿನ ನೆಲವನ್ನೆಲ್ಲ ಹೊದೆದಿರುವ, ಚರ್ಮದಂತೆ ಗಡುಸಾದ ಮೊಟ್ಟೆಯಾಕಾರದ ಎಲೆಗಳ ನಿತ್ಯಹರಿದ್ವರ್ಣದ ಪೊದೆ ಅದು. ಅದರ ವರ್ಣನೆಯನ್ನು ಅವನು ಪುಸ್ತಕಗಳಲ್ಲಿ ಓದಿದ್ದ, ಜೀವಂತ ಗಿಡ ಕಂಡದ್ದು ಆಗಲೇ. ಇಂದು ನಮ್ಮ ಹೂವಿನಂಗಡಿಗಳು ಹೂಗುಚ್ಛದ ಹಿನ್ನೆಲೆಗೆ ಇಡುವ ದಟ್ಟ ಹಸಿರು ಎಲೆಗಳಲ್ಲಿ ಬಹಳಷ್ಟು ಈ ಸಲಾಲ್‌ನವೇ.

ಅವನ ನೆಲೆ ಫೋರ್ಟ್ ವ್ಯಾಂಕೂವರ್, ಇಂದಿನ ಪೋರ್ಟ್‌ಲೆಂಡ್ ನಗರದ ಎದುರುದಂಡೆ. ಕೋಟೆಯ ಕಟ್ಟಡ ಇನ್ನೂ ಮುಗಿದಿರಲಿಲ್ಲ. ಮೊದಲು ಡೇರೆ, ಆಮೇಲೆ ತೊಗಟೆಯ ಗುಡಿಸಲು. ಮಳೆಗಾಲದಲ್ಲಿ ಸಸ್ಯಗಳನ್ನು ಒತ್ತಿ ಒಣಗಿಸುವ ಕಾಗದವನ್ನು ದಿನವೂ ಬೆಂಕಿಯ ಬಳಿ ಹಿಡಿದು ಆರಿಸಬೇಕು, ಇಲ್ಲವಾದರೆ ಬೂಷ್ಟು. ಪ್ರವಾಸ ಹೊರಟಾಗ ಬಟ್ಟೆ ಕಡಿಮೆಯಾದರೂ ಸರಿ, ಕಾಗದ ಹೊರಲೇಬೇಕು. ಸ್ಥಳೀಯ ಚಿನೂಕ್ ಜನ ಅವನನ್ನು ಹುಲ್ಲಿನ ಮನುಷ್ಯ ಎಂದು ಕರೆದರಂತೆ. ತೊಗಲನ್ನೂ ಕೇಳದೆ, ಭೂಮಿಯನ್ನೂ ಕೇಳದೆ ಸೊಪ್ಪುಸದೆ ಕೂಡಿಡುವ ಬಿಳಿಯನಿಗೆ ಅದಕ್ಕಿಂತ ಒಪ್ಪುವ ಹೆಸರಿಲ್ಲ.

ಈ ಕಾಡಿನಲ್ಲಿ ಅವನಿಗೆ ಎದುರಾದ ಸಮಸ್ಯೆ ಎಂಥದು? ಶಂಕುಧಾರಿ ಮರಗಳನ್ನು ನಿಸ್ಸಂದೇಹವಾಗಿ ಹೇಳುವುದು ಅವುಗಳ ಶಂಕು, ಅಂದರೆ ಹುರುಪೆ ಹುರುಪೆಯಾಗಿ ಕಟ್ಟಿಕೊಂಡ ಕಾಯಿ. ಆದರೆ ಆ ಕಾಯಿ ಇರುವುದು ಇನ್ನೂರು ಅಡಿಯ ತುದಿಯಲ್ಲಿ. ಫರ್ ಜಾತಿಯ ಕಾಯಿಯಂತೂ ಇಡಿಯಾಗಿ ಕೆಳಗೆ ಬೀಳುವುದೂ ಇಲ್ಲ. ಕೊಂಬೆಯ ಮೇಲೆ ನೆಟ್ಟಗೆ ನಿಂತು ಅಲ್ಲಿಯೇ ಹುರುಪೆ ಕಳಚಿ ಉದುರಿಹೋಗುತ್ತದೆ. ನೆಲದ ಮೇಲೆ ನಿಂತವನಿಗೆ ವರ್ಷದ ಎಲ್ಲ ದಿನವೂ ಕೈಗೆಟಕುವುದು ಎಲೆ ಒಂದೇ. ನಿತ್ಯಹರಿದ್ವರ್ಣದ ಮರ ಮಾಡುವ ಉಪಕಾರ ಇದು: ಚಳಿಗಾಲವಿರಲಿ ಬೇಸಿಗೆಯಿರಲಿ, ತನ್ನ ಗುರುತುಚೀಟಿಯನ್ನು ಅದು ಮರೆಮಾಡುವುದಿಲ್ಲ.

ಆ ಗುರುತುಚೀಟಿಯನ್ನು ಓದುವ ಕ್ರಮವನ್ನು ಓದುಗರು ತಮ್ಮ ಹಿತ್ತಲಿನಲ್ಲಿಯೇ ಪರೀಕ್ಷಿಸಬಹುದು. ಮೊದಲು ನೋಡಬೇಕಾದದ್ದು ಸೂಜಿಗಳು ಒಂಟಿಯೋ ಜೊತೆಯೋ ಎಂಬುದನ್ನು. ಬುಡದಲ್ಲಿ ಕಟ್ಟು ಹಾಕಿದಂತೆ ಎರಡು, ಮೂರು ಅಥವಾ ಐದು ಸೂಜಿಗಳು ಒಟ್ಟಿಗೆ ಹೊರಟಿದ್ದರೆ ಅದು ಪೈನ್. ಆ ಲೆಕ್ಕವೇ ಪೈನ್‌ಗಳೊಳಗಿನ ಭೇದವನ್ನೂ ಹೇಳುತ್ತದೆ: ಒಳನಾಡಿನ ಒಣಬೆಟ್ಟಗಳ ಪಾಂಡರೋಸಾ ಪೈನ್‌ಗೆ ಸಾಮಾನ್ಯವಾಗಿ ಮೂರು, ವೆಸ್ಟರ್ನ್ ವೈಟ್ ಪೈನ್‌ಗೆ ಐದು, ಸಮುದ್ರತೀರದ ಸೊಟ್ಟ ಶೋರ್ ಪೈನ್‌ಗೆ ಎರಡು. ಈ ಎಣಿಕೆಗೆ ಕನ್ನಡಿಗರಿಗೆ ಒಂದು ಎಚ್ಚರಿಕೆ ಹೇಳಬೇಕು. ನಮ್ಮ ಊರಿನ ಸರ್ವೆಮರವನ್ನು, ಅಂದರೆ ಗಾಳಿಮರವನ್ನು, ಪೈನ್ ಎಂದು ತಿಳಿದವರು ಬಹಳ. ಅದರಲ್ಲಿ ಸೂಜಿಯಂತೆ ಕಾಣುವುದು ಎಲೆಯೇ ಅಲ್ಲ, ಹಸಿರು ಕಡ್ಡಿ. ನಿಜವಾದ ಎಲೆಗಳು ಆ ಕಡ್ಡಿಯ ಗೆಣ್ಣುಗಳ ಸುತ್ತ ಹಲ್ಲಿನಂತೆ ಇರುವ ಅತಿ ಸಣ್ಣ ಹುರುಪೆಗಳು. ಸರ್ವೆ ಹೂಬಿಡುವ ಸಸ್ಯಗಳ ಕುಲದ್ದು, ಪೈನ್‌ಗೆ ದೂರದ ನಂಟೂ ಅಲ್ಲ.

ಸೂಜಿ ಒಂಟಿಯಾಗಿದ್ದರೆ ಪರೀಕ್ಷೆ ಸೂಕ್ಷ್ಮವಾಗುತ್ತದೆ. ಸ್ಪ್ರೂಸ್‌ನ ಎಲೆ ಗಡುಸು, ಮೊನಚು; ತೀರದ ಸಿಟ್ಕಾ ಸ್ಪ್ರೂಸ್‌ನ ರೆಂಬೆಯನ್ನು ಹಸ್ತಲಾಘವಕ್ಕೆಂಬಂತೆ ಹಿಡಿದರೆ ಅದು ಚುಚ್ಚಿಯೇ ಉತ್ತರಿಸುತ್ತದೆ. ಎಲೆ ಉದುರಿದ ಮೇಲೆ ಪ್ರತಿ ಎಲೆಯ ಜಾಗದಲ್ಲಿ ಒಂದು ಸಣ್ಣ ಮರದ ಗೂಟ ಉಳಿದು ಕಡ್ಡಿ ಅರದಂತೆ ಒರಟಾಗುತ್ತದೆ. ಫರ್‌ನ ಎಲೆ ಚಪ್ಪಟೆ, ಮೃದು, ತುದಿ ಮೊಂಡು. ಕಿತ್ತಾಗ ಕಡ್ಡಿಯ ಮೇಲೆ ನುಣುಪಾದ ದುಂಡು ಗುರುತು ಮಾತ್ರ ಉಳಿಯುತ್ತದೆ. ಹೆಮ್ಲಾಕ್‌ನ ಎಲೆಗಳು ಗಿಡ್ಡ, ಒಂದೇ ಕಡ್ಡಿಯಲ್ಲಿ ಉದ್ದ ಗಿಡ್ಡ ಬೆರೆತಂಥವು, ಬುಡದಲ್ಲಿ ಕೂದಲೆಳೆಯಂಥ ತೊಟ್ಟು. ಸೀಡರ್ ಎಂದು ಇಲ್ಲಿ ಕರೆಯುವ ಮರದ್ದು ಸೂಜಿಯೇ ಅಲ್ಲ. ಜಡೆ ಹೆಣೆದಂತೆ ಒತ್ತೊತ್ತಾದ ಹುರುಪೆಗಳು.

ಫರ್‌ಗಳಲ್ಲಿಯೇ ಮೂರನ್ನು ಡಗ್ಲಸ್ ಹೊರಜಗತ್ತಿಗೆ ಪರಿಚಯಿಸಿದ. ಗ್ರ್ಯಾಂಡ್ ಫರ್‌ನ ಎಲೆಗಳು ಬಾಚಣಿಗೆಯಂತೆ ಎರಡು ಕಡೆಗೆ ಚಪ್ಪಟೆಯಾಗಿ ಹರಡಿರುತ್ತವೆ, ಹೊಸಕಿದರೆ ಕಿತ್ತಳೆ ಸಿಪ್ಪೆಯ ಪರಿಮಳ. ನೋಬಲ್ ಫರ್‌ನ ಎಲೆ ಬುಡದಲ್ಲಿ ಹಾಕಿ ಕೋಲಿನಂತೆ ಬಾಗಿ ಮೇಲಕ್ಕೇಳುತ್ತದೆ. ಸಿಲ್ವರ್ ಫರ್‌ನ ಎಲೆಯನ್ನು ತಿರುಗಿಸಿದರೆ ಬೆಳ್ಳಿಯ ಹೊಳಪು. 1825ರ ಸೆಪ್ಟೆಂಬರ್‌ನಲ್ಲಿ ಕೊಲಂಬಿಯಾ ಕಣಿವೆಯ ಇಕ್ಕೆಲದ ಬೆಟ್ಟಗಳನ್ನು ಹತ್ತಿ ಅವನು ನೋಬಲ್ ಮತ್ತು ಸಿಲ್ವರ್ ಫರ್‌ಗಳನ್ನು ಬೇರ್ಪಡಿಸಿದ. ಇದು ಎಷ್ಟು ಕಷ್ಟದ ಕೆಲಸವೆಂಬುದಕ್ಕೆ ಸಾಕ್ಷಿ ಮುಂದಿನ ಚರಿತ್ರೆಯಲ್ಲಿದೆ. ಅವನ ಸಿಲ್ವರ್ ಫರ್ ಯಾವುದು, ಗ್ರ್ಯಾಂಡ್ ಫರ್ ಯಾವುದು ಎಂಬ ಗೊಂದಲ ಬಳಿಕದ ಸಸ್ಯವಿಜ್ಞಾನಿಗಳನ್ನು ಹಲವು ದಶಕ ಕಾಡಿ, 1880ರ ಸುಮಾರಿಗೆ ತಿಳಿಯಾಯಿತು.

ಇನ್ನು ಡಗ್ಲಸ್ ಫರ್. ಇದರ ಎಲೆ ಫರ್‌ನಂತೆ ಚಪ್ಪಟೆ ಮತ್ತು ಮೃದು, ಯೂ ಮರದಂತೆ ಕಿರಿದು, ಹೆಮ್ಲಾಕ್‌ನಂತೆ ಸಣ್ಣ ತೊಟ್ಟಿನದು. ಒಬ್ಬೊಬ್ಬರು ಒಂದೊಂದು ಹೋಲಿಕೆಯನ್ನು ಹಿಡಿದರು. ಆರ್ಚಿಬಾಲ್ಡ್ ಮೆಂಝೀಸ್ ಎಂಬ ಇನ್ನೊಬ್ಬ ಸ್ಕಾಟ್ ವೈದ್ಯ ಕ್ಯಾಪ್ಟನ್ ವ್ಯಾಂಕೂವರನ ನೌಕಾಯಾತ್ರೆಯಲ್ಲಿ, 1790ರ ದಶಕದ ಆರಂಭದಲ್ಲಿ, ಇದರ ಮಾದರಿಯನ್ನು ಸಂಗ್ರಹಿಸಿದ್ದ. ಅದನ್ನು ನೋಡಿ ಲ್ಯಾಂಬರ್ಟ್ ಎಂಬ ವಿದ್ವಾಂಸ 1803ರಲ್ಲಿ ಕೊಟ್ಟ ಹೆಸರಿಗೆ ಯೂ ಎಲೆಯ ಪೈನ್ ಎಂದು ಅರ್ಥ. ಇಂಗ್ಲಿಷ್ ಆಡುಮಾತು ಫರ್ ಎಂದಿತು. 1867ರಲ್ಲಿ ಫ್ರೆಂಚ್ ಸಸ್ಯವಿಜ್ಞಾನಿ ಕಾರ್ಯೇರ್ ಇದಕ್ಕೆಂದೇ ಒಂದು ಹೊಸ ಕುಲ ಮಾಡಿ ಸ್ಯೂಡೋಟ್ಸುಗ, ಅಂದರೆ ಹುಸಿ ಹೆಮ್ಲಾಕ್, ಎಂದು ಕರೆದ. ಯೂ, ಪೈನ್, ಫರ್, ಹೆಮ್ಲಾಕ್: ನಾಲ್ಕು ಮರಗಳ ಹೆಸರು ಕಡ ತಂದರೂ ಈ ಮರ ಅವುಗಳಲ್ಲಿ ಯಾವುದೂ ಅಲ್ಲ. ಎಲೆಯೊಂದನ್ನೇ ನಂಬಿದರೆ ಆಗುವ ಪಾಡು ಇದು.

ಹಾಗಾದರೆ ಇದನ್ನು ಗುರುತಿಸುವುದು ಹೇಗೆ? ಎಲೆಯಿಂದ ಒಂದು ಅಂಗುಲ ಮುಂದೆ, ಕಡ್ಡಿಯ ತುದಿಗೆ ಕಣ್ಣು ಸರಿಯಬೇಕು. ಅಲ್ಲಿನ ಚಿಗುರುಮೊಗ್ಗು ಕೆಂಗಂದು ಬಣ್ಣದ್ದು, ಈಟಿಯ ಮೊನೆಯಂತೆ ಚೂಪು. ನಿಜವಾದ ಫರ್‌ಗಳ ಮೊಗ್ಗು ಮೊಂಡಾಗಿ ಬಹುಮಟ್ಟಿಗೆ ಅಂಟಂಟಾಗಿರುತ್ತದೆ. ಮರದಡಿಯಲ್ಲಿ ಬಿದ್ದ ಕಾಯಿ ಸಿಕ್ಕರೆ ಅನುಮಾನವೇ ಉಳಿಯದು: ಪ್ರತಿ ಹುರುಪೆಯ ಕೆಳಗಿನಿಂದಲೂ ಮೂರು ಕವಲಿನ ನಾಲಗೆಯೊಂದು ಹೊರಚಾಚಿ, ಇಲಿಯೊಂದು ಒಳಗೆ ನುಗ್ಗಿ ಬಾಲ ಮತ್ತು ಹಿಂಗಾಲು ಮಾತ್ರ ಹೊರಗೆ ಬಿಟ್ಟಂತೆ ಕಾಣುತ್ತದೆ. ಡಗ್ಲಸ್ ಇದರ ಬೀಜ ಸಂಗ್ರಹಿಸಿ ಇಂಗ್ಲೆಂಡಿಗೆ ಕಳಿಸಿದ. ಆ ಬೀಜಗಳಿಂದ ಹುಟ್ಟಿದ ಮರವೊಂದು ಅವನು ಕೂಲಿ ಮಾಡಿದ ಸ್ಕೋನ್ ಅರಮನೆಯ ತೋಟದಲ್ಲಿ ಇಂದಿಗೂ ನಿಂತಿದೆ. ಮೆಂಝೀಸ್ ತಂದದ್ದು ಒಣ ರೆಂಬೆ, ಡಗ್ಲಸ್ ಕೊಟ್ಟದ್ದು ಬದುಕುವ ಮರ. ಅವನ ಹೆಸರು ಸಲ್ಲತಕ್ಕದ್ದೆಂದು ಮೊದಲಲ್ಲಿ ಹೇಳಿದ್ದು ಈ ಕಾರಣಕ್ಕೆ.

ಎಲೆಯಿಂದ ಮೇಲೆ ಹೋಗಿ ಕಾಯಿಯನ್ನೇ ಹಿಡಿಯಬೇಕೆಂಬ ಹಟ ಅವನನ್ನು ಎಲ್ಲಿಗೆ ಒಯ್ದಿತೆಂಬುದಕ್ಕೆ ಶುಗರ್ ಪೈನ್‌ನ ಪ್ರಸಂಗವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. 1825ರಲ್ಲಿ ವಿಲಾಮೆಟ್ ನದಿಯ ಕಡೆಯ ಸ್ಥಳೀಯನೊಬ್ಬನ ಹೊಗೆಸೊಪ್ಪಿನ ಚೀಲದಲ್ಲಿ ಡಗ್ಲಸ್ ಕೆಲವು ಬೀಜಗಳನ್ನು ಕಂಡ. ಪೈನ್ ಬೀಜವೇ, ಆದರೆ ಅವನು ಅದುವರೆಗೆ ಕಂಡ ಯಾವುದಕ್ಕಿಂತಲೂ ದೊಡ್ಡದು. ವಿಚಾರಿಸಿದಾಗ ದಕ್ಷಿಣದ ಬೆಟ್ಟಗಳಲ್ಲಿ ಅಂಥ ಮರವುಂಟೆಂದು ತಿಳಿಯಿತು. ಒಂದು ವರ್ಷಕ್ಕೂ ಹೆಚ್ಚು ಕಾಲ ಆ ಬೀಜ ಅವನ ಮನಸ್ಸಿನಿಂದ ಹೋಗಲಿಲ್ಲ. 1826ರ ಶರತ್ಕಾಲದಲ್ಲಿ ಕಂಪನಿಯ ತಂಡವೊಂದು ದಕ್ಷಿಣಕ್ಕೆ ಹೊರಟಾಗ ಜೊತೆಗೂಡಿದ. ಮಳೆ ಬಿಡಲಿಲ್ಲ; ಕುದುರೆಗಳು ಸೊರಗಿದವು. ಕಡೆಗೆ ಅಕ್ಟೋಬರ್ 26ರ ಬೆಳಗ್ಗೆ ಅಂಪ್ಕ್ವಾ ನದಿಯ ಸೀಮೆಯಲ್ಲಿ ಅವನು ಒಂಟಿಯಾಗಿ ಹೋಗುತ್ತಿರಲು ಒಬ್ಬ ಸ್ಥಳೀಯ ಎದುರಾಗಿ ಬಿಲ್ಲಿಗೆ ಹೆದೆ ಏರಿಸಿದ. ಡಗ್ಲಸ್ ಬಂದೂಕನ್ನು ನೆಲದ ಮೇಲಿಟ್ಟು, ಸನ್ನೆ ಮಾಡಿ ಕರೆದು, ಹೊಗೆಸೊಪ್ಪು ಕೊಟ್ಟು, ಕಾಗದದ ಮೇಲೆ ಪೆನ್ಸಿಲಿನಿಂದ ಆ ಕಾಯಿಯ ಚಿತ್ರ ಬರೆದು ತೋರಿಸಿದ. ಆತ ತಕ್ಷಣ ದಕ್ಷಿಣದ ಬೆಟ್ಟಗಳ ಕಡೆ ಕೈತೋರಿದ. ಜೊತೆಗೆ ನಡೆದೂ ಬಂದ.

ಮಧ್ಯಾಹ್ನದ ಹೊತ್ತಿಗೆ ಆ ಮರಗಳು ಸಿಕ್ಕವು. ಐದೈದರ ಗುಚ್ಛದ ಎಲೆಗಳು, ಕೊಂಬೆಗಳ ತುದಿಯಲ್ಲಿ ತೂಗುವ ಉದ್ದನೆಯ ಕಾಯಿಗಳು. ಗಾಳಿಗೆ ಬಿದ್ದ ಒಂದು ಮರವನ್ನು ಅಳೆದ: ಉದ್ದ 215 ಅಡಿ, ಬುಡದಿಂದ ಮೂರು ಅಡಿ ಮೇಲೆ ಸುತ್ತಳತೆ 57 ಅಡಿ 9 ಅಂಗುಲ. ನಿಂತ ಮರಗಳನ್ನು ಹತ್ತುವಂತಿಲ್ಲ, ಕಡಿಯುವಂತಿಲ್ಲ. ಕಾಯಿ ಬೀಳಿಸಲು ಅವನು ಬಂದೂಕು ಹಾರಿಸಿದ. ಮೂರು ಕಾಯಿ ಬಿದ್ದವು. ಜೊತೆಗೆ ಆ ಸದ್ದು ಕೇಳಿ ಎಂಟು ಜನ ಬಂದರು, ಮೈಗೆ ಕೆಮ್ಮಣ್ಣು ಬಳಿದು, ಬಿಲ್ಲು, ಎಲುಬಿನ ಭರ್ಚಿ, ಕಲ್ಲಿನ ಚೂರಿ ಹಿಡಿದವರು. ಡಗ್ಲಸ್ ಕೆಲವು ಹೆಜ್ಜೆ ಹಿಂದೆ ಸರಿದು ಬಂದೂಕಿನ ಕುದುರೆ ಎಳೆದು ನಿಂತ. ಹತ್ತು ನಿಮಿಷದಷ್ಟು ಹೊತ್ತು ಯಾರೂ ಮಾತಾಡಲಿಲ್ಲ. ಬಳಿಕ ಅವರ ನಾಯಕನಂತಿದ್ದವನು ಹೊಗೆಸೊಪ್ಪು ಬೇಕೆಂದು ಸನ್ನೆ ಮಾಡಿದ. ಕಾಯಿಗಳನ್ನು ತಂದುಕೊಟ್ಟರೆ ಕೊಡುವೆನೆಂದು ಇವನು ಸನ್ನೆ ಮಾಡಿದ. ಅವರು ಹುಡುಕಲು ಚದುರಿದ್ದೇ ತಡ, ತನ್ನ ಮೂರು ಕಾಯಿಗಳನ್ನೂ ಒಂದೆರಡು ರೆಂಬೆಗಳನ್ನೂ ಬಾಚಿಕೊಂಡು ಅಲ್ಲಿಂದ ಪರಾರಿಯಾದ. ಆ ರಾತ್ರಿ ಹುಲ್ಲಿನ ಮೇಲೆ ಮಲಗಿ, ಬಂದೂಕನ್ನು ಪಕ್ಕದಲ್ಲಿಟ್ಟುಕೊಂಡು, ರಾಳದ ಕಟ್ಟಿಗೆಯ ದೀವಟಿಗೆಯ ಬೆಳಕಿನಲ್ಲಿ ದಿನಚರಿ ಬರೆದ.

ಈ ಕಥೆಯನ್ನು ಡಗ್ಲಸನ ಶೌರ್ಯದ ಕಥೆಯೆಂದು ಹೇಳುವುದು ರೂಢಿ. ನನಗೆ ಅದರಲ್ಲಿ ಇನ್ನೊಂದು ಮುಖವೂ ಕಾಣುತ್ತದೆ. ಬೀಜ ಮೊದಲು ಕಂಡದ್ದು ಸ್ಥಳೀಯನ ಚೀಲದಲ್ಲಿ. ದಾರಿ ತೋರಿದವನೂ ಸ್ಥಳೀಯ. ಆ ಮರದ ಸಿಹಿ ರಾಳವನ್ನು ಸಕ್ಕರೆಯಂತೆ ಬಳಸಲು, ಬೀಜವನ್ನು ಚಳಿಗಾಲಕ್ಕೆ ಕೂಡಿಡಲು ಅವರಿಗೆ ಆಗಲೇ ತಿಳಿದಿತ್ತು. ಮಾತು ಕೊಟ್ಟ ಹೊಗೆಸೊಪ್ಪು ಆ ಎಂಟು ಜನರಿಗೆ ಸಿಗಲಿಲ್ಲ. ಕಾಯಿ ಹಿಡಿದು ಮರಳಿ ಬಂದಾಗ ಮರದಡಿ ಯಾರೂ ಇಲ್ಲದ್ದನ್ನು ಕಂಡು ಅವರು ಏನೆಂದುಕೊಂಡರೋ, ಅದನ್ನು ಬರೆದಿಟ್ಟವರಿಲ್ಲ. ಮರಕ್ಕೆ ಬಂದ ಹೆಸರು ಲಂಡನ್ನಿನ ಲ್ಯಾಂಬರ್ಟನದು, ಪೈನಸ್ ಲ್ಯಾಂಬರ್ಟಿಯಾನ.

ಸೂಜಿಯೆಲೆಗಳ ಹೊರಗೂ ಈ ತೀರದಲ್ಲಿ ನಿತ್ಯಹರಿದ್ವರ್ಣದ ಮರಗಳಿವೆ. ಅಗಲವಾದ ಎಲೆಗಳ ಅಂಥ ಮರಗಳನ್ನು ಡಗ್ಲಸ್ ಮೂಗಿನಿಂದಲೂ ಓದಿದ. ಆರೆಗನ್‌ನ ದಕ್ಷಿಣಕ್ಕೆ, ಕ್ಯಾಲಿಫೋರ್ನಿಯಾದ ಉದ್ದಕ್ಕೆ ಬೆಳೆಯುವ ಬೇ ಲಾರೆಲ್ ನಮ್ಮ ದಾಲ್ಚಿನ್ನಿಯ ಕುಟುಂಬದ್ದೇ. ಅದರ ಎಲೆ ಹೊಸಕಿದರೆ ಕರ್ಪೂರದಂಥ ತೀಕ್ಷ್ಣ ವಾಸನೆ. ಬಿರುಗಾಳಿಯ ದಿನಗಳಲ್ಲಿ ಆ ವಾಸನೆಗೆ ಸೀನು ತಡೆಯಲಾರದೆ ಅವನು ಮರದ ನೆರಳು ಬಿಟ್ಟು ಏಳಬೇಕಾಯಿತೆಂದು ದಾಖಲಿಸಿದ್ದಾನೆ. ಬೇ ಏರಿಯಾದ ಕನ್ನಡಿಗರು ಇದರ ಎಲೆಯನ್ನು ಪಲಾವಿಗೆ ಹಾಕುವ ಮುನ್ನ ಆ ಸೀನನ್ನು ನೆನೆದು ಕೈ ಹಿಡಿತದಲ್ಲಿಟ್ಟರೆ ಒಳ್ಳೆಯದು. ಕೆಂಪು ತೊಗಟೆ ಸುಲಿದುಕೊಳ್ಳುವ ಮಡ್ರೋನ, ಎಲೆಯಂಚು ಅಲೆಯಲೆಯಾದ ಗ್ಯಾರಿಯ ಇವೂ ಇಂಗ್ಲೆಂಡಿನ ತೋಟಗಳಿಗೆ ಹೋದದ್ದು ಅವನಿಂದ. ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಓದಿದವರಿಗೆ ಸಸ್ಯವಿಜ್ಞಾನಿಯೊಬ್ಬ ಎಲೆಯನ್ನು ಮುಟ್ಟಿ, ಮೂಸಿ, ಮುರಿದು ನೋಡುವ ಈ ಬಗೆ ಅಪರಿಚಿತವೇನಲ್ಲ.

1827ರ ವಸಂತದಲ್ಲಿ ಡಗ್ಲಸ್ ಕಂಪನಿಯ ವಾರ್ಷಿಕ ತಂಡದೊಡನೆ ರಾಕಿ ಪರ್ವತಗಳನ್ನು ದಾಟಿ, ಖಂಡದ ಅಗಲವನ್ನೇ ಕ್ರಮಿಸಿ ಹಡ್ಸನ್ ಕೊಲ್ಲಿಗೆ ಹೋದ. ದಾರಿಯಲ್ಲಿ ಮೇ 1ರಂದು ಅಥಬಾಸ್ಕ ಕಣಿವೆಮಾರ್ಗದ ಪಕ್ಕದ ಶಿಖರವೊಂದನ್ನು ಹತ್ತಿ ಅದಕ್ಕೆ ಮೌಂಟ್ ಬ್ರೌನ್ ಎಂದು ಹೆಸರಿಟ್ಟ. ಎತ್ತರ ಹದಿನಾರು ಸಾವಿರ ಅಡಿಯ ಮೇಲೆಂದು ಅವನ ಹೆಸರಿನಲ್ಲಿ ಪ್ರಚಾರವಾಯಿತು. ನಿಜವಾಗಿ ಅದು ಒಂಬತ್ತು ಸಾವಿರದ ಚಿಲ್ಲರೆ. ಇಲ್ಲದ ಆ ಮಹಾಶಿಖರವನ್ನು ಪರ್ವತಾರೋಹಿಗಳು ಆರೇಳು ದಶಕ ಹುಡುಕಿದರು. ಎಲೆಯಲ್ಲಿ ಕೂದಲೆಳೆಯ ವ್ಯತ್ಯಾಸ ಹಿಡಿದವನ ಹೆಸರಿಗೆ ಬೆಟ್ಟದ ವಿಚಾರದಲ್ಲಿ ಏಳು ಸಾವಿರ ಅಡಿಯ ತಪ್ಪು ಅಂಟಿಕೊಂಡಿತು.

ಲಂಡನ್ನಿನಲ್ಲಿ ಅವನಿಗೆ ಸನ್ಮಾನಗಳಾದವು, ವಿದ್ವತ್ ಸಂಘಗಳು ಸದಸ್ಯತ್ವ ಕೊಟ್ಟವು. ಅವನು ತಂದ ಕೆಂಪು ಹೂವಿನ ಕರಂಟ್ ಗಿಡವೊಂದೇ ಪ್ರವಾಸದ ಖರ್ಚನ್ನೆಲ್ಲ ತುಂಬಿಕೊಟ್ಟಿತೆಂದು ಸೊಸೈಟಿಯವರು ಲೆಕ್ಕ ಹಾಕಿದರು. ಆದರೆ ಕಲ್ಲುಕುಟಿಗನ ಮಗನಿಗೆ ಆ ನಗರದ ಸಭಾಂಗಣಗಳು ಒಗ್ಗಲಿಲ್ಲ. ಪ್ರವಾಸಕಥನ ಬರೆಯಲು ಒಪ್ಪಿಕೊಂಡು ಮುಗಿಸದೆ ಬಿಟ್ಟ, ಸ್ನೇಹಿತರೊಡನೆ ಮುನಿಸು. 1829ರ ಶರತ್ಕಾಲದಲ್ಲಿ ಮತ್ತೆ ಹಡಗು ಹತ್ತಿದ.

ಎರಡನೆಯ ಸಲ ಬಂದಾಗ ಕೊಲಂಬಿಯಾದ ದಡ ಬದಲಾಗತೊಡಗಿತ್ತು. 1830ರ ಬೇಸಿಗೆಯಿಂದ ಅಲ್ಲಿ ಚಳಿಜ್ವರ ಹಬ್ಬಿತು; ಮಲೇರಿಯಾ ಎಂಬುದು ಇಂದಿನ ಬಹುಮತ. ಅವನಿಗೆ ಮರಗಳ ದಾರಿ ತೋರಿದ್ದ ಜನರ ಊರಿಗೆ ಊರೇ ಬರಿದಾಯಿತು. ಡಿಸೆಂಬರ್‌ನಲ್ಲಿ ಅವನು ಕ್ಯಾಲಿಫೋರ್ನಿಯಾಕ್ಕೆ ಹೋಗಿ, ಆಗ ಮೆಕ್ಸಿಕೋದ ಆಳ್ವಿಕೆಯಲ್ಲಿದ್ದ ಆ ಪ್ರಾಂತ್ಯದಲ್ಲಿ ಒಂದೂವರೆ ವರ್ಷಕ್ಕಿಂತ ಹೆಚ್ಚು ಕಾಲ ಸಂಗ್ರಹ ಮಾಡಿದ. ಮೂರು ಸೂಜಿಯ ಮಾಂಟೆರೆ ಪೈನ್‌ನ ಬೀಜಗಳನ್ನು ಇಂಗ್ಲೆಂಡಿಗೆ ಕಳಿಸಿದ್ದು ಆಗಲೇ. ತನ್ನ ತವರಿನಲ್ಲಿ ಕೆಲವೇ ಕಡೆ ಕಾಣುವ ಆ ಮರ ಇಂದು ನ್ಯೂಜಿಲೆಂಡಿನ ನೆಡುತೋಪುಗಳ ಹತ್ತರಲ್ಲಿ ಸುಮಾರು ಒಂಬತ್ತು ಪಾಲನ್ನು ಆವರಿಸಿದೆ. ಬ್ರಿಟನ್ನಿನಲ್ಲಿ ಅತಿ ಹೆಚ್ಚು ನೆಟ್ಟ ಮರವೂ ಅವನೇ ಪರಿಚಯಿಸಿದ ಸಿಟ್ಕಾ ಸ್ಪ್ರೂಸ್. ಸ್ಕಾಟ್ಲೆಂಡಿನ ಬೆಟ್ಟಗಳ ಮೇಲೆ ಆಯತಾಕಾರದ ಕಪ್ಪುಹಸಿರು ತುಂಡುಗಳಂತೆ ಕಾಣುವ ತೋಪುಗಳು ಬಹುಪಾಲು ಅದರವು. ಅವು ಎಲ್ಲರಿಗೂ ಪ್ರಿಯವಾಗಿಲ್ಲ, ನನಗೂ ಇಲ್ಲ.

ಈ ವೇಳೆಗೆ ಅವನ ಕಣ್ಣು ಕೆಟ್ಟಿತ್ತು. ಒಳನಾಡಿನ ಮರಳುಗಾಳಿ, ಹಿಮದ ಪ್ರಖರ ಬೆಳಕು, ಗುಡಿಸಲಿನ ಹೊಗೆ ಎಲ್ಲವೂ ಸೇರಿ ಬಲಗಣ್ಣಿನ ದೃಷ್ಟಿ ಹೋಗಿಯೇಬಿಟ್ಟಿತ್ತು. ಎಲೆಯ ಬುಡದ ಗೂಟವೋ ದುಂಡುಗುರುತೋ ಎಂದು ನೋಡಿ ಬದುಕಿದವನಿಗೆ ಇದಕ್ಕಿಂತ ಕ್ರೂರವಾದ ನಷ್ಟ ಯಾವುದು? ಆದರೂ ನಿಲ್ಲಲಿಲ್ಲ. 1833ರಲ್ಲಿ ಉತ್ತರಕ್ಕೆ ಹೋಗಿ ಅಲಾಸ್ಕದ ಸಿಟ್ಕಾ ಮೂಲಕ ಸೈಬೀರಿಯ ದಾಟಿ ಊರಿಗೆ ಮರಳುವ ಯೋಜನೆ ಹಾಕಿದ. ಅರ್ಧದಾರಿಯಲ್ಲಿ ಅದನ್ನು ಕೈಬಿಟ್ಟು ಹಿಂತಿರುಗುವಾಗ ಜೂನ್ 13ರಂದು ಫ್ರೇಸರ್ ನದಿಯ ಬಂಡೆಗಳಿಗೆ ಬಡಿದು ದೋಣಿ ಚೂರಾಯಿತು. ಒಂದು ಗಂಟೆಗೂ ಹೆಚ್ಚು ಹೊತ್ತು ಸುಳಿಯಲ್ಲಿ ಸುತ್ತಿ ಹೇಗೋ ದಡ ಸೇರಿದ. ಸುಮಾರು 400 ಜಾತಿಯ ಸಸ್ಯಗಳ ಸಂಗ್ರಹ ಮತ್ತು ದಿನಚರಿ ನೀರುಪಾಲಾದವು. ಪ್ರಾಣ ಉಳಿಯಿತು, ಉತ್ಸಾಹ ಉಳಿಯಲಿಲ್ಲವೆಂದು ಅನಂತರದ ಅವನ ಪತ್ರಗಳಿಂದ ಊಹಿಸಬಹುದು.

ಆ ವರ್ಷದ ಕೊನೆಗೆ ಹವಾಯಿ ತಲುಪಿ, 1834ರ ಜನವರಿಯಲ್ಲಿ ಮೌನಾ ಕೇಯ, ಮೌನಾ ಲೋವ ಎಂಬ ಅಗ್ನಿಪರ್ವತಗಳನ್ನು ಹತ್ತಿ ಜರಿಗಿಡಗಳನ್ನೂ ಪಾಚಿಗಳನ್ನೂ ಸಂಗ್ರಹಿಸಿದ. ಜುಲೈನಲ್ಲಿ ಮತ್ತೆ ಅದೇ ದ್ವೀಪಕ್ಕೆ ಬಂದು, ಬಿಲ್ಲಿ ಎಂಬ ತನ್ನ ಪುಟ್ಟ ನಾಯಿಯೊಡನೆ ಮೌನಾ ಕೇಯದ ಇಳಿಜಾರಿನ ಕಾಲುದಾರಿ ಹಿಡಿದು ಹೊರಟ. ಕಾಡುದನಗಳನ್ನು ಹಿಡಿಯಲು ಆ ದಾರಿಯಲ್ಲಿ ಗುಂಡಿಗಳನ್ನು ತೋಡಿ ಮೇಲೆ ಸೊಪ್ಪುಕಡ್ಡಿ ಮುಚ್ಚಿದ್ದರು. ದನ ಹಿಡಿಯುವ ನೆಡ್ ಗರ್ನಿ ಎಂಬವನ ಗುಡಿಸಲಿನಲ್ಲಿ ಜುಲೈ 12ರ ಬೆಳಗ್ಗೆ ಉಪಾಹಾರ ಮುಗಿಸಿ ಮುಂದೆ ನಡೆದ. ಕೆಲವೇ ಗಂಟೆಗಳ ಬಳಿಕ ಅವನ ದೇಹ ಒಂದು ಗುಂಡಿಯಲ್ಲಿ ಸಿಕ್ಕಿತು. ಅದೇ ಗುಂಡಿಯಲ್ಲಿ ಜೀವಂತ ಹೋರಿಯೊಂದಿತ್ತು. ಸ್ವಲ್ಪ ದೂರದಲ್ಲಿ ಅವನ ಗಂಟು, ಅದನ್ನು ಕಾಯುತ್ತ ನಾಯಿ.

ಗರ್ನಿ ಆಸ್ಟ್ರೇಲಿಯಾದ ಶಿಕ್ಷಾವಸಾಹತಿನಿಂದ ತಪ್ಪಿಸಿಕೊಂಡು ಬಂದ ಅಪರಾಧಿ. ಅವನೇ ಹಣಕ್ಕಾಗಿ ಕೊಂದನೆಂಬ ಅನುಮಾನ ಆಗಲೇ ಎದ್ದಿತು, ಇಂದಿಗೂ ಸತ್ತಿಲ್ಲ. ದೇಹವನ್ನು ಹೊನಲುಲುವಿಗೆ ಕಳಿಸಿ ವೈದ್ಯರಿಂದ ಪರೀಕ್ಷಿಸಲಾಯಿತು. ಗಾಯಗಳು ಹೋರಿಯಿಂದ ಆದವೆಂದು ಅವರು ಹೇಳಿದರು. ಗುಂಡಿಯವರೆಗೆ ಹೋಗಿದ್ದವನು ಗಂಟನ್ನು ಮುಂದೆ ಇಟ್ಟು ಏಕೆ ಹಿಂದಿರುಗಿದ, ಅಂಚಿಗೆ ಬಗ್ಗಿದನೇ ಎಂಬುದಕ್ಕೆ ಉತ್ತರವಿಲ್ಲ. ನನ್ನ ಮಟ್ಟಿಗೆ, ಒಂದೇ ಕಣ್ಣಿನವನು ಸೊಪ್ಪು ಮುಚ್ಚಿದ ಗುಂಡಿಯ ಅಂಚಿನಲ್ಲಿ ಕಾಲು ಜಾರಿದನೆಂದು ನಂಬಲು ಕೊಲೆಗಾರನೊಬ್ಬನ ಅಗತ್ಯವಿಲ್ಲ.

ಅವನನ್ನು ಹೊನಲುಲುವಿನ ಕವಾಯಹಾವೋ ಚರ್ಚಿನ ಆವರಣದಲ್ಲಿ ಹೂಳಿದರು. ದಿನಚರಿಯಲ್ಲಿ ಉಳಿದ ಭಾಗವನ್ನು ಸೊಸೈಟಿ ಅಚ್ಚುಹಾಕಿಸಿದ್ದು 1914ರಲ್ಲಿ, ಅವನು ಸತ್ತು ಎಂಬತ್ತು ವರ್ಷಗಳಾದ ಮೇಲೆ. ಅವನ ಹೆಸರಿನ ಮರಕ್ಕೆ ಸಸ್ಯನಾಮಗಳ ನಿಯಮದಂತೆ ಹಳೆಯ ಹೆಸರುಗಳೆಲ್ಲ ಒಂದೊಂದಾಗಿ ಬಿದ್ದು, 1950ರಲ್ಲಿ ಸ್ಯೂಡೋಟ್ಸುಗ ಮೆಂಝೀಸಿಐ ಎಂಬುದು ಸ್ಥಿರವಾಯಿತು. ಹೀಗೆ ಲ್ಯಾಟಿನ್ ಹೆಸರು ಮೆಂಝೀಸನಿಗೆ, ಆಡುಹೆಸರು ಡಗ್ಲಸನಿಗೆ ಹಂಚಿಹೋಗಿದೆ. ಅವನು ಬಿದ್ದ ಜಾಗಕ್ಕೆ ಹವಾಯಿಯವರು ಕಲುವಾಕೌಕ ಎನ್ನುತ್ತಾರೆ, ವೈದ್ಯನ ಗುಂಡಿ ಎಂದು ಅರ್ಥ. 1934ರಲ್ಲಿ ಅಲ್ಲೊಂದು ಕಲ್ಲಿನ ಸ್ಮಾರಕವನ್ನು ಕಟ್ಟಿ, ಸುತ್ತಲೂ ಡಗ್ಲಸ್ ಫರ್ ಸಸಿಗಳನ್ನು ನೆಟ್ಟರು.